ಅದೇ ತರದ ಇನ್ನೊಂದು

ನನ್ನ ಊರು ಚಿನಕುರಳಿ. ಈ ಹೆಸರನ್ನು ಹೇಳಿದ ಕೂಡಲೆ ಹೊಸಬರ ಮುಖದಲ್ಲಿ ಒಂದು ನಗೆ ಮೂಡುತ್ತದೆ. ಕೆಲವರಿಗೆ ದೀಪಾವಳಿಯಲ್ಲಿ ಹುಡುಗರು ಹೊಡೆಯುವ ಪಟಾಕಿ ನೆನಪಾಗುತ್ತದೆ. ಪತ್ರಿಕೆ ಓದುವವರಿಗೆ ‘ಪ್ರಜಾವಾಣಿ’ಯ ಪುಟ್ಟ ವ್ಯಂಗ್ಯಚಿತ್ರ ನೆನಪಾಗುತ್ತದೆ. ಪಾಂಡವಪುರ ತಾಲ್ಲೂಕಿನಲ್ಲಿ ಆ ಹೆಸರಿನ ಒಂದು ಹೋಬಳಿಯೇ ಉಂಟೆಂದೂ, ಅಲ್ಲಿ ಪಟಾಕಿಗಿಂತ ಕಬ್ಬು ಹೆಚ್ಚೆಂದೂ ನಾನು ವಿವರಿಸಬೇಕಾಗುತ್ತದೆ.

ಪಟಾಕಿಯೊಳಗೆ ಇರುವುದು ರಸಾಯನಶಾಸ್ತ್ರ. ಊರಿನ ಹೆಸರಿನಲ್ಲಿಯೇ ಆ ಶಾಸ್ತ್ರವಿದ್ದರೂ ನನ್ನ ತಲೆಯೊಳಕ್ಕೆ ಅದು ಇಳಿಯಲಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡು, ಆರು ಮೂಲೆಯ ಮನೆಗಳನ್ನೂ ಅವುಗಳಿಂದ ಹೊರಟ ಬಾಲಗಳನ್ನೂ ಎರಡು ವರ್ಷ ಬಿಡದೆ ನೋಡಿದೆ. ನೋಡಿದೆನೇ ಹೊರತು ಓದಲಿಲ್ಲ. ಫಲಿತಾಂಶ ಬಂದ ದಿನ ನಮ್ಮ ಅಯ್ಯ, “ಹೋಗ್ಲಿ ಬಿಡು, ಆಲೆಮನೆ ಒಲೆ ಮುಂದೆ ಕೂತ್ರೆ ಯಾರೂ ಮಾರ್ಕ್ಸು ಕೇಳಾಕಿಲ್ಲ” ಎಂದರು. ಒಲೆಯ ಮುಂದೆ ಕೂರುವ ಧೈರ್ಯವೂ ಇಲ್ಲದೆ, ಮತ್ತೊಮ್ಮೆ ಕಟ್ಟಿ ಹೇಗೋ ಪಾಸು ಮಾಡಿ, ಈ ಕಲಾ ಕಾಲೇಜಿನ ಬಿ.ಎ. ತರಗತಿಗೆ ಬಂದು ಸೇರಿದೆ. ಇಂತಹವನು ಅಣುಗಳ ಚಿತ್ರವನ್ನು ಕುರಿತು ಲೇಖನ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ನೀವು ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಇದನ್ನು ಬರೆಯುವುದಕ್ಕೆ ಒಂದು ಕಾರಣವಿದೆ. ನಾನು ಮಾಡಿದ ಒಂದು ತಪ್ಪನ್ನು ಇನ್ನೊಬ್ಬನು ಹೊತ್ತುಕೊಂಡನು. ಅದನ್ನು ಇಳಿಸಿಕೊಳ್ಳದೆ ಈ ಕಾಲೇಜನ್ನು ಬಿಟ್ಟು ಹೋಗುವುದು ನನಗೆ ಸರಿಯೆನಿಸಲಿಲ್ಲ.

ಆ ಇನ್ನೊಬ್ಬನು ನನ್ನ ಸಹಪಾಠಿ. ಅವನಿಗೆ ಹುಟ್ಟಿನಿಂದಲೂ ಕಣ್ಣು ಕಾಣಿಸದು. ಅವನು ನಮ್ಮ ಕಾಲೇಜಿನ ಮೆಟ್ಟಿಲುಗಳನ್ನು ನಮಗಿಂತ ಚೆನ್ನಾಗಿ ಬಲ್ಲನೆಂಬುದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ ಸಂಗತಿಯೆಂದರೆ, ಅವನು ಕಲಾ ವಿಭಾಗಕ್ಕೆ ಬಂದದ್ದು ತನ್ನ ಇಷ್ಟದಿಂದಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕಗಳನ್ನು ತೆಗೆದುಕೊಂಡು ಒಂದು ಕಾಲೇಜಿಗೆ ಅರ್ಜಿ ಹಿಡಿದುಕೊಂಡು ಹೋದಾಗ, “ಚಿತ್ರಗಳಿರುತ್ತವಪ್ಪ, ಆಸಿಡ್ ಇರುತ್ತದೆ, ನಿನಗೇಕೆ ತೊಂದರೆ?” ಎಂದು ಅಲ್ಲಿನವರು ಬಹಳ ಮೃದುವಾಗಿ ಹೇಳಿ ಕಳುಹಿಸಿದರಂತೆ. ಗದರಿದ್ದರೆ ಜಗಳವಾಡಬಹುದಾಗಿತ್ತು, ಅಷ್ಟು ಮೃದುವಾಗಿ ಹೇಳಿದವರೊಡನೆ ಏನು ಜಗಳವಾಡುವುದು ಎನ್ನುತ್ತಾನೆ ಅವನು.

ಹೀಗೆ, ಚಿತ್ರ ಕಂಡರೂ ಓದಲಾರದೆ ಬಂದವನು ನಾನು. ಓದಬಲ್ಲವನಾದರೂ ಚಿತ್ರ ಕಾಣದೆ ಬಂದವನು ಅವನು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕದಂಬರ ಶಾಸನಗಳನ್ನು ಕುರಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆವು.

ಅವನಿಗೆ ಓದಿ ಹೇಳುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿತು. ಮೊದಮೊದಲು ಅದೊಂದು ಉಪಕಾರವೆಂಬ ಸಣ್ಣ ಜಂಬ ನನಗಿತ್ತು. ಸ್ವಲ್ಪ ದಿನಗಳಲ್ಲಿಯೇ ಅದು ಇಳಿದುಹೋಯಿತು. ಏಕೆಂದರೆ ಅವನಿಗೆ ನನ್ನ ಅಗತ್ಯ ನಾನೆಣಿಸಿದಷ್ಟು ಇರಲಿಲ್ಲ. ಬ್ರೈಲ್ ಅವನ ಬೆರಳ ತುದಿಯಲ್ಲಿದೆ. ಫ್ರಾನ್ಸಿನ ಲೂಯಿ ಬ್ರೈಲ್ ಎಂಬ ಕುರುಡ ಹುಡುಗನು ತನ್ನ ಹದಿನೈದನೆಯ ವಯಸ್ಸಿನಲ್ಲಿ, ೧೮೨೪ರ ಸುಮಾರಿಗೆ, ಆರು ಚುಕ್ಕೆಗಳಿಂದ ಕಟ್ಟಿದ ಲಿಪಿ ಅದು. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವಂತೆ ‘ಭಾರತಿ ಬ್ರೈಲ್’ ಒಂದೇ ಪದ್ಧತಿಯಾಗಿ ನಿಂತದ್ದು ೧೯೫೧ರಲ್ಲಿ. ಇದರ ಜೊತೆಗೆ ಅವನ ಫೋನು ತೆರೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. ಗ್ರಂಥಾಲಯದ ಗಣಕಯಂತ್ರದಲ್ಲಿ ಎನ್.ವಿ.ಡಿ.ಎ. ಎಂಬ ಕಾರ್ಯಕ್ರಮವಿದೆ. ಅದನ್ನು ೨೦೦೬ರಲ್ಲಿ ಆರಂಭಿಸಿ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟವನು ಆಸ್ಟ್ರೇಲಿಯದ ಮೈಕೆಲ್ ಕರನ್, ಅವನೂ ಕಣ್ಣಿಲ್ಲದವನೇ. ಈ ಯಂತ್ರದ ಧ್ವನಿಯನ್ನು ನನ್ನ ಗೆಳೆಯನು ಎಷ್ಟು ವೇಗದಲ್ಲಿ ಕೇಳುತ್ತಾನೆಂದರೆ ನನಗೆ ಅದು ದುಂಬಿ ಝೇಂಕರಿಸಿದಂತೆ ಕೇಳಿಸುತ್ತದೆ.

ಆದರೆ ಓಡುತ್ತಿದ್ದ ಆ ಧ್ವನಿ ಒಂದೊಂದು ಕಡೆ ಮುಗ್ಗರಿಸುತ್ತದೆ. “ಚಿತ್ರ” ಎಂದು ಒಂದು ಮಾತನ್ನು ಹೇಳಿ ಮುಂದಕ್ಕೆ ಹೋಗಿಬಿಡುತ್ತದೆ. ಯಾವ ಚಿತ್ರ, ಅದರಲ್ಲಿ ಏನಿದೆ, ಊಹೂಂ, ಒಂದೂ ಇಲ್ಲ. ಚರಿತ್ರೆಯ ಪುಸ್ತಕದಲ್ಲಿ ಇದರಿಂದ ಹೆಚ್ಚು ನಷ್ಟವಿಲ್ಲ. ರಸಾಯನಶಾಸ್ತ್ರದ ಪುಸ್ತಕದಲ್ಲಿಯಾದರೋ ವಾಕ್ಯಗಳೆಲ್ಲ ಚಿತ್ರದ ಸುತ್ತ ಕಟ್ಟಿದ ಬೇಲಿ, ಬೆಳೆಯಿರುವುದು ಒಳಗೆ. ಅವನು ಬೇಲಿಯನ್ನು ಸುತ್ತಿ ಸುತ್ತಿ ಬರುತ್ತಿದ್ದನು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ಕಳೆದ ವರ್ಷ ಫೆಬ್ರವರಿ ೨೮ರ ವಿಜ್ಞಾನ ದಿನಕ್ಕಾಗಿ ಬೇರೊಂದು ಕಾಲೇಜಿನಲ್ಲಿ ಕನ್ನಡ ಭಾಷಣ ಸ್ಪರ್ಧೆ ಏರ್ಪಾಟಾಗಿತ್ತು. ಯಾವ ವಿಭಾಗದವರು ಬೇಕಾದರೂ ಮಾತನಾಡಬಹುದೆಂದು ಪ್ರಕಟಣೆ ಬಂದಿತು. ನನ್ನ ಗೆಳೆಯನು ಆ ದಿನವೇ ಹೆಸರು ಕೊಟ್ಟನು. ವಿಷಯ: ‘ಬೆಲ್ಲ ಅಚ್ಚು ಕಟ್ಟುವುದೇಕೆ?’ ವಿಷಯ ನನ್ನ ಊರಿನದು. ಕನ್ನಂಬಾಡಿಯ ನೀರು ಕಂಡ ಮೇಲೆ ನಮ್ಮ ಸೀಮೆಯಲ್ಲಿ ಕಬ್ಬು ಹಬ್ಬಿ, ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿ, ಅದರ ಪಕ್ಕದಲ್ಲಿಯೇ ಆಲೆಮನೆಗಳೂ ಹೊಗೆಯಾಡುತ್ತ ಬಂದಿವೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಅಯ್ಯ ಸುಣ್ಣದ ತಿಳಿ ಬಿಡುತ್ತಾರೆ, ಬೆಂಡೆಯ ಲೋಳೆ ಹಾಕಿ ಮಡ್ಡಿ ತೆಗೆಯುತ್ತಾರೆ. ಸುಣ್ಣ ಕಡಿಮೆಯಾದರೆ ಬೆಲ್ಲ ಅಂಟು, ಹೆಚ್ಚಾದರೆ ಕಪ್ಪು. ಕಡಿದ ಕಬ್ಬು ನಾಲ್ಕು ದಿನ ಬಿದ್ದಿದ್ದರೂ ಅಂಟೇ. ಇದು ಅಯ್ಯನಿಗೆ ಗೊತ್ತು. ಏಕೆ ಎಂಬುದು ಪುಸ್ತಕದಲ್ಲಿತ್ತು: ಕಬ್ಬಿನ ಸಕ್ಕರೆಯ ಅಣುವೆಂದರೆ ಎರಡು ಸಣ್ಣ ಸಕ್ಕರೆಗಳ ಜೋಡಿ. ಹುಳಿಯ ಜೊತೆಗೆ ಕುದಿದರೆ ಆ ಜೋಡಿ ಒಡೆದು ಗ್ಲೂಕೋಸ್ ಬೇರೆ, ಫ್ರಕ್ಟೋಸ್ ಬೇರೆಯಾಗುತ್ತವೆ. ಇವು ಬೆರೆತ ಪಾಕ ಸುಲಭವಾಗಿ ಹರಳುಗಟ್ಟುವುದಿಲ್ಲ. ಸುಣ್ಣ ಆ ಹುಳಿಯನ್ನು ಕೊಲ್ಲುತ್ತದೆ. ಅಯ್ಯನ ಕೈಗೂ ಪುಸ್ತಕದ ಮಾತಿಗೂ ಇರುವ ಈ ನಂಟನ್ನು ಸಭೆಗೆ ತೋರಿಸಬೇಕೆಂದು ನನ್ನ ಗೆಳೆಯನ ಆಸೆ.

ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ನಾನು ಪುಸ್ತಕ ಹಿಡಿದು ಕುಳಿತೆ. ಫೋನು “ಚಿತ್ರ” ಎಂದು ಹೇಳಿ ದಾಟಿದ ಜಾಗದಲ್ಲಿ ಸಕ್ಕರೆಯ ರಚನೆಯಿತ್ತು. “ಒಂದು ಆರು ಮೂಲೆಯ ಮನೆ. ಒಂದು ಮೂಲೆಯಲ್ಲಿ ಆಮ್ಲಜನಕ, ಉಳಿದ ಐದರಲ್ಲಿ ಇಂಗಾಲ” ಎಂದು ಹೇಳಿ, ಯಾವ ಮೂಲೆಯಿಂದ ಯಾವ ಕೊಂಬೆ ಹೊರಟಿದೆಯೆಂದು ಒಂದೊಂದಾಗಿ ಹೇಳಿದೆ. ಅವನು ಬ್ರೈಲ್ ಹಲಗೆಯ ಮೇಲೆ ಟಕಟಕನೆ ಚುಚ್ಚಿಕೊಂಡನು. “ಆಮೇಲೆ?” ಎಂದನು. ಗಂಟೆ ಹನ್ನೊಂದಾಗಿತ್ತು. ನಡುವೆ ಒಂದು ಆಮ್ಲಜನಕದ ಸೇತುವೆ, ಅದರಾಚೆ ಮತ್ತೊಂದು ಮನೆ ಕಂಡಿತು. ನಾನು ಆಕಳಿಸುತ್ತ, “ಅದೇ ತರದ ಇನ್ನೊಂದು” ಎಂದೆ.

ಅವನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಎಣಿಸಿ ನೋಡಿದನು. ಇಂಗಾಲ ಹನ್ನೆರಡು, ಜಲಜನಕ ಇಪ್ಪತ್ತೆರಡು, ಆಮ್ಲಜನಕ ಹನ್ನೊಂದು. “ಲೆಕ್ಕ ಸರಿಹೋಯಿತು ಕಣಯ್ಯ” ಎಂದು ಸಂತೋಷದಿಂದ ಮಲಗಿದನು. ನಾನೂ ಮಲಗಿದೆ.

ಮಾರನೆಯ ದಿನ ಅವನ ಭಾಷಣ ಬಹಳ ಸೊಗಸಾಗಿತ್ತು. ಆಲೆಮನೆಯ ವಾಸನೆ ಸಭೆಗೇ ಬಂದಿತೆಂದು ಹಿಂದೆ ಕುಳಿತಿದ್ದವರೊಬ್ಬರು ಹೇಳಿದರು. ಅಣುವಿನ ವರ್ಣನೆಯನ್ನೂ ಅವನು ಕೈಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದನು: ಆರು ಮೂಲೆಯ ಒಂದು ಮನೆ, ನಡುವೆ ಸೇತುವೆ, ಅಂಥದೇ ಆರು ಮೂಲೆಯ ಇನ್ನೊಂದು ಮನೆ. ಚಪ್ಪಾಳೆಯಾದ ಮೇಲೆ ತೀರ್ಪುಗಾರರಲ್ಲೊಬ್ಬರಾದ ರಸಾಯನಶಾಸ್ತ್ರದ ಮೇಷ್ಟ್ರು ಎದ್ದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. “ಒಂದು ಸಂದೇಹ. ಎರಡು ಮನೆಯೂ ಒಂದೇ ತರದವಾದರೆ, ಒಡೆದಾಗ ಎರಡು ಬೇರೆ ಬೇರೆ ಸಕ್ಕರೆ ಎಲ್ಲಿಂದ ಬಂದುವು? ನೀವು ವರ್ಣಿಸಿದ್ದು ಕಬ್ಬಿನ ಸಕ್ಕರೆಯನ್ನಲ್ಲ, ಮೊಳಕೆ ಕಟ್ಟಿದ ಧಾನ್ಯದಲ್ಲಿ ಹುಟ್ಟುವ ಮಾಲ್ಟ್ ಸಕ್ಕರೆಯ ಜಾತಿಯದನ್ನು” ಎಂದರು.

ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಚೀಲದಿಂದ ಪುಸ್ತಕ ತೆಗೆದು ನೋಡಿದೆ. ಎರಡನೆಯ ಮನೆಗೆ ಐದೇ ಮೂಲೆ. ಗ್ಲೂಕೋಸ್ ಆರು ಮೂಲೆಯ ಮನೆಯಾಗಿಯೂ ಫ್ರಕ್ಟೋಸ್ ಐದು ಮೂಲೆಯ ಮನೆಯಾಗಿಯೂ ಅಲ್ಲಿ ಕುಳಿತಿದ್ದುವು. ಕಣ್ಣಿದ್ದ ಯಾರಿಗೆ ಬೇಕಾದರೂ ಕಾಣುವಂತಿತ್ತು. ಮಾಲ್ಟೋಸಿನಲ್ಲಿಯೂ ಹನ್ನೆರಡು, ಇಪ್ಪತ್ತೆರಡು, ಹನ್ನೊಂದೇ; ಆದುದರಿಂದಲೇ ಅವನ ಎಣಿಕೆಗೆ ನನ್ನ ಸುಳ್ಳು ಸಿಕ್ಕಿಬೀಳಲಿಲ್ಲ. ನಮ್ಮ ಅಯ್ಯನ ಅಚ್ಚು ಬೆಲ್ಲವನ್ನು ನಾನು ರಾಗಿ ಮಾಲ್ಟ್ ಮಾಡಿಬಿಟ್ಟಿದ್ದೆ.

ವೇದಿಕೆಯ ಮೇಲೆ ಅವನು ಒಂದು ಗಳಿಗೆ ಸುಮ್ಮನೆ ನಿಂತನು. “ನಾನು ಸರಿಯಾಗಿ ತಿಳಿದುಕೊಂಡಿಲ್ಲ, ಸಾರ್. ತಿದ್ದಿಕೊಳ್ಳುತ್ತೇನೆ” ಎಂದು ಹೇಳಿ ಇಳಿದು ಬಂದನು. “ನನಗೆ ಓದಿ ಹೇಳಿದವನು ತಪ್ಪು ಹೇಳಿದ” ಎಂದು ಅವನು ಅನ್ನಬಹುದಾಗಿತ್ತು. ಅದು ಸತ್ಯವೂ ಆಗಿತ್ತು. ಅನ್ನಲಿಲ್ಲ. ಹಿಂದೆ ಯಾರೋ, “ಪಾಪ, ಕಣ್ಣಿಲ್ಲವಲ್ಲ” ಎಂದದ್ದು ನನ್ನ ಕಿವಿಗೆ ಬಿದ್ದಿತು. ಅವನ ಕಿವಿಗೂ ಬಿದ್ದಿರಬೇಕು. ಅವನ ಕಿವಿ ನನ್ನದಕ್ಕಿಂತ ಚುರುಕು.

ಬಸ್ಸಿನಲ್ಲಿ ಬಹಳ ದೂರ ಇಬ್ಬರೂ ಮಾತನಾಡಲಿಲ್ಲ. ಕೊನೆಗೆ ನಾನು ಕ್ಷಮೆ ಕೇಳಿದೆ. ಅವನು, “ತಪ್ಪು ಓದಿದ್ದಕ್ಕೆ ಬೇಜಾರಿಲ್ಲ ಕಣಯ್ಯ. ನಿನಗೆ ಸರಿಯಾಗಿ ಕಂಡಿರಲಿಲ್ಲ, ಆದರೆ ಕಂಡವನ ಹಾಗೆ ಹೇಳಿದೆಯಲ್ಲ, ಅದಕ್ಕೆ ಬೇಜಾರು” ಎಂದನು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದಾದ ಮೇಲೆ, ಅಣುವಿನ ಚಿತ್ರವನ್ನು ಓದುವ ಯಂತ್ರವೇನಾದರೂ ಇದೆಯೇ ಎಂದು ಹುಡುಕತೊಡಗಿದೆ. ನನಗಿಂತ ನಂಬಿಗಸ್ತನಾದ ಒಬ್ಬ ಓದುಗನನ್ನು ಅವನಿಗೆ ಒಪ್ಪಿಸಿ ತಪ್ಪಿಸಿಕೊಳ್ಳಬೇಕೆಂಬುದು ನನ್ನ ಗುಟ್ಟಿನ ಉದ್ದೇಶವಾಗಿತ್ತು. ಯಂತ್ರ ಇದ್ದಿತು, ಅದಕ್ಕೊಂದು ಚರಿತ್ರೆಯೂ ಇದ್ದಿತು. ಚರಿತ್ರೆಯ ವಿದ್ಯಾರ್ಥಿಯಾದ್ದರಿಂದ ಅದನ್ನು ಸ್ವಲ್ಪ ಹೇಳುತ್ತೇನೆ.

ಬೆನ್ಜೀನಿನ ಆರು ಇಂಗಾಲಗಳು ಉಂಗುರವಾಗಿ ಕುಳಿತಿವೆಯೆಂದು ಜರ್ಮನಿಯ ಕೆಕುಲೆ ಹೇಳಿದ್ದು ೧೮೬೫ರಲ್ಲಿ. ಅಂದಿನಿಂದ ರಸಾಯನಶಾಸ್ತ್ರಜ್ಞರು ತಮ್ಮ ವಿದ್ಯೆಯನ್ನೆಲ್ಲ ಚಿತ್ರಗಳಲ್ಲಿಯೇ ಬರೆದಿಟ್ಟಿದ್ದಾರೆ. ಚಿತ್ರ ಬರೆಯುವವರ ಸಂಕೋಚವೂ ವಿಚಿತ್ರವಾದುದು. ಮೂಲೆಯಲ್ಲಿ ಇಂಗಾಲವಿದೆಯೆಂದು ಬರೆಯುವುದಿಲ್ಲ, ತಿಳಿದುಕೊಳ್ಳಬೇಕು. ಅದಕ್ಕೆ ಅಂಟಿದ ಜಲಜನಕವನ್ನೂ ಬರೆಯುವುದಿಲ್ಲ, ಎಣಿಸಿಕೊಳ್ಳಬೇಕು. ಹೇಳದೆ ಬಿಟ್ಟ ಮಾತನ್ನು ಅರಿತುಕೊಳ್ಳುವುದರಲ್ಲಿ ನಮ್ಮ ಹಳ್ಳಿಯ ಮುದುಕಿಯರು ಗಟ್ಟಿಗರು. ಯಂತ್ರಕ್ಕೆ ಅದು ಬಹಳ ಕಷ್ಟ.

ಆದುದರಿಂದ ಮೊದಲು ಬೇಕಾದದ್ದು ಚಿತ್ರವನ್ನು ಮಾತಿನಲ್ಲಿ ಹೇಳುವ ಒಂದು ಕ್ರಮ. ಇದು ನಮಗೆ ಹೊಸದಲ್ಲ. ನಮ್ಮ ಅವ್ವ ಹಬ್ಬದ ಹಿಂದಿನ ದಿನ ಚಿಕ್ಕಮ್ಮನಿಗೆ ಫೋನು ಮಾಡಿ, “ಏಳು ಚುಕ್ಕಿ, ಸಂದು ಚುಕ್ಕಿ, ನಾಕಕ್ಕೆ ನಿಲ್ಸು” ಎನ್ನುತ್ತಾಳೆ. ಅಷ್ಟೇ ಮಾತು. ಮಾರನೆಯ ಬೆಳಿಗ್ಗೆ ಅಲ್ಲಿಯ ಅಂಗಳದಲ್ಲಿಯೂ ನಾಲ್ಕು, ಐದು, ಆರು, ಏಳು, ಆರು, ಐದು, ನಾಲ್ಕು ಎಂದು ಚುಕ್ಕಿಗಳು ಸಾಲಾಗಿ ಕುಳಿತು ಆರು ಮೂಲೆಯ ಅದೇ ರಂಗೋಲೆ ಎದ್ದಿರುತ್ತದೆ. ಡೇವಿಡ್ ವೈನಿಂಗರ್ ಎಂಬ ಅಮೆರಿಕದ ವಿಜ್ಞಾನಿ ೧೯೮೮ರಲ್ಲಿ ಪ್ರಕಟಿಸಿದ ‘ಸ್ಮೈಲ್ಸ್’ ಎಂಬ ಬರವಣಿಗೆ ಹೀಗೆಯೇ ಅಣುವನ್ನು ಒಂದೇ ಸಾಲಿಗೆ ತರುತ್ತದೆ. ಇಂಗಾಲಕ್ಕೆ ಸಿ, ಆಮ್ಲಜನಕಕ್ಕೆ ಓ. ಹೆಂಡದಲ್ಲಿರುವ ಮದ್ಯಸಾರವೆಂದರೆ ‘ಸಿ ಸಿ ಓ’, ಮುಗಿಯಿತು. ಕೊಂಬೆಯನ್ನು ಕಂಸದೊಳಗೆ ಹಾಕುತ್ತಾರೆ. ಉಂಗುರವಾದರೆ ಒಂದು ಕಡೆ ದಾರ ಕತ್ತರಿಸಿ ಎರಡು ತುದಿಗೂ ಒಂದೇ ಅಂಕಿಯ ಗುರುತು ಕಟ್ಟುತ್ತಾರೆ: ‘ಸಿ೧ ಸಿ ಸಿ ಸಿ ಸಿ ಸಿ೧’ ಎಂದರೆ ಒಂದನೆಯ ಗುರುತಿನವು ಎರಡೂ ಕೈ ಹಿಡಿದುಕೊಂಡಿವೆಯೆಂದು ಅರ್ಥ. ಚಿತ್ರ ಇಲ್ಲಿಗೆ ಬಂದರೆ ಸಾಕು, ಉಳಿದದ್ದನ್ನು ನನ್ನ ಗೆಳೆಯನ ಫೋನು ಓದುತ್ತದೆ.

ಚಿತ್ರವನ್ನು ಇಲ್ಲಿಗೆ ತರುವುದೇ ಯಂತ್ರದ ಪಾಠ. ೧೯೯೨ರಲ್ಲಿ ಮ್ಯಾಕ್‌ಡೇನಿಯಲ್ ಮತ್ತು ಬಾಲ್ಮತ್ ಎಂಬವರು ಇಂಥದೊಂದು ಕಾರ್ಯಕ್ರಮವನ್ನು ಪ್ರಕಟಿಸಿ, ಅದಕ್ಕೆ ಕೆಕುಲೆಯ ಹೆಸರನ್ನೇ ಇಟ್ಟರು. ೨೦೦೯ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಫಿಲಿಪೊವ್ ಮತ್ತು ನಿಕ್ಲಾಸ್ ಎಂಬವರು ‘ಓಸ್ರಾ’ ಎಂಬುದನ್ನು ಎಲ್ಲರೂ ಬಳಸುವಂತೆ ಪ್ರಕಟಿಸಿದರು. ಇವುಗಳ ಪಾಠ ಮಗ್ಗಿ ಕಲಿಸಿದಂತೆ: ಚಿತ್ರವನ್ನು ಕಪ್ಪು ಬಿಳುಪು ಮಾಡು, ಗೆರೆಗಳನ್ನು ಸವೆಸಿ ತೆಳುವಾಗಿಸು, ಗೆರೆ ಸೇರಿದ ಕಡೆ ಇಂಗಾಲವೆಂದು ತಿಳಿ, ಅಕ್ಷರ ಕಂಡರೆ ಬೇರೆ ತೆಗೆದು ಓದು. ನಿಯಮ ಚೆನ್ನಾಗಿದೆ. ಆದರೆ ಕ್ಲೋರಿನ್ನಿನ ಗುರುತಿನ ಎರಡನೆಯ ಅಕ್ಷರ ಬರಿಯ ಒಂದು ನೇರ ಗೆರೆ. ಅದು ಅಕ್ಷರವೋ, ಪರಮಾಣುಗಳನ್ನು ಕಟ್ಟುವ ಬಂಧವೋ? ಒಂದರ ಮೇಲೊಂದು ಹಾದುಹೋದ ಎರಡು ಗೆರೆಗಳು ಸೇರಿವೆಯೋ, ಬರಿದೆ ದಾಟಿವೆಯೋ? ಮುದ್ರಣದಲ್ಲಿ ಬಿದ್ದ ಒಂದು ಮಸಿಯ ಚುಕ್ಕೆಗೂ ಯಂತ್ರ ಅರ್ಥ ಹುಡುಕುತ್ತಿತ್ತು.

ಆಮೇಲೆ ಬಂದವರು ನಿಯಮ ಹೇಳಿಕೊಡುವುದನ್ನೇ ಬಿಟ್ಟರು. ಮಗುವಿಗೆ ಹಸುವನ್ನು ತೋರಿಸಿ “ಹಸು” ಎಂದು ಹೇಳಿಕೊಡುವಂತೆ, ಚಿತ್ರವನ್ನೂ ಅದರ ಉತ್ತರವನ್ನೂ ಜೊತೆಯಾಗಿ ತೋರಿಸುತ್ತ ಹೋದರು. ಮಗುವಿಗೆ ಹತ್ತು ಹಸು ಸಾಕು; ಯಂತ್ರಕ್ಕೆ ಲಕ್ಷ, ಕೋಟಿ ಬೇಕು. ಅಷ್ಟು ಚಿತ್ರಗಳನ್ನು ಬರೆಯುವವರಾರು? ಅದಕ್ಕೊಂದು ಉಪಾಯ ಮಾಡಿದರು. ಈಗಾಗಲೆ ತಿಳಿದಿರುವ ಅಣುಗಳ ಸಾಲುಗಳನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು ಅದರಿಂದಲೇ ಚಿತ್ರ ಬರೆಸಿದರು. ಆ ಚಿತ್ರಗಳನ್ನು ಓರೆಮಾಡಿ, ಮಸುಕುಮಾಡಿ, ಮಸಿ ಚೆಲ್ಲಿ, ಹಳೆಯ ಪುಸ್ತಕದಂತೆ ಕೆಡಿಸಿ, ಓದುವ ಯಂತ್ರದ ಮುಂದೆ ಹಿಡಿದರು. ೨೦೨೧ರಲ್ಲಿ ಒಂದು ದೊಡ್ಡ ಔಷಧ ಕಂಪನಿ ಇದಕ್ಕಾಗಿ ಜಗತ್ತಿಗೇ ಸ್ಪರ್ಧೆ ಹೂಡಿ ಇಪ್ಪತ್ತನಾಲ್ಕು ಲಕ್ಷ ಚಿತ್ರಗಳನ್ನು ಅಭ್ಯಾಸಕ್ಕೆ ಕೊಟ್ಟಿತು. ಜರ್ಮನಿಯ ಯೇನಾ ವಿಶ್ವವಿದ್ಯಾನಿಲಯದಲ್ಲಿ ಕೊಹುಲನ್ ರಾಜನ್, ಸ್ಟೈನ್‌ಬೆಕ್ ಮೊದಲಾದವರು ೨೦೨೦ರಿಂದ ಬೆಳೆಸುತ್ತ ಬಂದಿರುವ ‘ಡೆಸಿಮರ್’ ಎಂಬ ಕಾರ್ಯಕ್ರಮ ಕೋಟಿಗಟ್ಟಲೆ ಚಿತ್ರಗಳನ್ನು ನೋಡಿ ಕಲಿತದ್ದು. ಅದನ್ನು ಯಾರು ಬೇಕಾದರೂ ಬಳಸಬಹುದು.

ಈ ಶ್ರಮವೆಲ್ಲ ನನ್ನ ಗೆಳೆಯನಿಗಾಗಿ ನಡೆದದ್ದಲ್ಲ. ನೂರು ವರ್ಷಗಳ ಪತ್ರಿಕೆಗಳಲ್ಲಿಯೂ ಪೇಟೆಂಟುಗಳಲ್ಲಿಯೂ ಹೂತುಹೋಗಿರುವ ಅಣುಗಳನ್ನು ಹುಡುಕಿ ತೆಗೆಯುವುದಕ್ಕೆ ಇದು ಬೇಕಾಗಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪತ್ರಿಕೆಯೇ ೧೯೧೪ರಿಂದ ಬರುತ್ತಿದೆ. ಆ ಸಂಸ್ಥೆಯಲ್ಲಿಯೇ ಮೈಸೂರು ಸೀಮೆಯ ಗಂಧದ ಮರದಿಂದ ಎಣ್ಣೆ ತೆಗೆಯುವ ಪ್ರಯೋಗಗಳು ನಡೆದು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆಗಳು ಎದ್ದದ್ದು. ಹಳೆಯ ಸಂಪುಟಗಳು ಗಣಕಯಂತ್ರದಲ್ಲಿ ಚಿತ್ರರೂಪವಾಗಿ ಸೇರಿದರೆ, ಅಲ್ಲಿಯ ಮಾತುಗಳನ್ನು ಹುಡುಕಬಹುದೇ ಹೊರತು ಅಣುಗಳನ್ನು ಹುಡುಕಲಾಗುವುದಿಲ್ಲ. ಆ ಪುಟಗಳ ಮುಂದೆ ಯಂತ್ರವೂ ನನ್ನ ಗೆಳೆಯನಂತೆಯೇ. “ಚಿತ್ರ” ಎಂದು ಹೇಳಿ ದಾಟಿಹೋಗುತ್ತದೆ.

ಒಂದು ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮೂಲೆಯಲ್ಲಿ ನಾವಿಬ್ಬರೂ ಪರೀಕ್ಷೆಗೆ ಕುಳಿತೆವು. ಪರೀಕ್ಷೆ ಯಂತ್ರಕ್ಕೆ. ಸಕ್ಕರೆಯ ಒಂದು ಅಚ್ಚುಕಟ್ಟಾದ ಮುದ್ರಿತ ಚಿತ್ರವನ್ನು ಕೊಟ್ಟೆ. ಒಂದು ಸಾಲು ಬಂದಿತು. ಅದನ್ನು ಫೋನು ಅಕ್ಷರ ಅಕ್ಷರವಾಗಿ ಓದಿತು. ಅವನು ಹಲಗೆಯ ಮೇಲೆ ಚುಚ್ಚಿಕೊಂಡನು. ನಾನು ಬಾಯಿ ಬಿಡಬಾರದೆಂದು ಮೊದಲೇ ಒಪ್ಪಂದವಾಗಿತ್ತು. ಅವನು ಹಾಳೆಯನ್ನು ಮಗುಚಿ, ಬೆರಳಾಡಿಸಿ, ಕೊಂಬೆಗಳನ್ನೆಲ್ಲ ಬದಿಗಿಟ್ಟು ಉಂಗುರಗಳನ್ನು ಎಣಿಸತೊಡಗಿದನು. “ಒಂದರಿಂದ ಒಂದಕ್ಕೆ... ಆರು” ಎಂದನು. ಮತ್ತೆ ಬೆರಳು ನಡೆಯಿತು. “ಎರಡರಿಂದ ಎರಡಕ್ಕೆ...” ಎಂದು ನಿಲ್ಲಿಸಿ, ಮೊದಲಿನಿಂದ ಇನ್ನೊಮ್ಮೆ ಎಣಿಸಿ, “ಐದು” ಎಂದನು.

ಅವನ ಮುಖವನ್ನು ವರ್ಣಿಸಲು ನನಗೆ ಬಾರದು. ತನ್ನ ಬಾಳಿನಲ್ಲಿ ಒಂದು ಅಣುವಿನ ಚಿತ್ರವನ್ನು, ಯಾರ ಆಕಳಿಕೆಯ ಹಂಗೂ ಇಲ್ಲದೆ, ಅವನು ತಾನೇ ಓದಿದ್ದು ಅದೇ ಮೊದಲು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಯಂತ್ರಕ್ಕೆ ಹಾರ ಹಾಕಿ ಲೇಖನವನ್ನು ನಿಲ್ಲಿಸುತ್ತಿದ್ದೆ. ಆದರೆ ನನಗೆ ಇನ್ನೂ ಒಂದು ಕುತೂಹಲ. ಅದೇ ಸಕ್ಕರೆಯನ್ನು ಕಾಗದದ ಮೇಲೆ ನನ್ನ ಕೈಯಿಂದ ಬರೆದು, ಫೋಟೋ ತೆಗೆದು ಕೊಟ್ಟೆ. ನನ್ನ ಗೆರೆ ಸೊಟ್ಟವೆಂಬುದು ಪಿ.ಯು.ಸಿ.ಯಲ್ಲಿಯೇ ಸಾಬೀತಾದ ವಿಷಯ. ಯಂತ್ರ ಹಿಂದೆಗೆಯಲಿಲ್ಲ. ಮೊದಲಿನಷ್ಟೇ ಚೊಕ್ಕವಾದ ಇನ್ನೊಂದು ಸಾಲನ್ನು ಕೊಟ್ಟಿತು. ಫೋನು ಮೊದಲಿನಷ್ಟೇ ಧೈರ್ಯವಾದ ಧ್ವನಿಯಲ್ಲಿ ಓದಿತು. ಗೆಳೆಯನು ಎಣಿಸಿದನು. ಆಮ್ಲಜನಕ ಹತ್ತು. ಒಂದು ಕೊಂಬೆಯ ತುದಿ ಮಾಯವಾಗಿತ್ತು. ಪಠ್ಯಪುಸ್ತಕದಲ್ಲಿದ್ದ ಹಾವರ್ತ್ ಪದ್ಧತಿಯ ಚಿತ್ರವನ್ನು ಕೊಟ್ಟರೆ ಇನ್ನೂ ಫಜೀತಿಯಾಯಿತು. ೧೯೩೭ರಲ್ಲಿ ನೊಬೆಲ್ ಬಹುಮಾನ ಪಡೆದ ಹಾವರ್ತ್, ಉಂಗುರವನ್ನು ಮಲಗಿಸಿದ ತಟ್ಟೆಯಂತೆ ಬರೆದು ಕೊಂಬೆಗಳನ್ನು ಮೇಲಕ್ಕೂ ಕೆಳಕ್ಕೂ ಚಾಚುತ್ತಿದ್ದರು. ಉಂಗುರಗಳು ಸರಿಯಾಗಿ ಬಂದುವು; ಯಾವ ಕೊಂಬೆ ಮೇಲೆ, ಯಾವುದು ಕೆಳಗೆ ಎಂಬುದು ಬರಲಿಲ್ಲ. ಸಕ್ಕರೆಗಳಲ್ಲಿ ಈ ಮೇಲು ಕೆಳಗುಗಳೇ ಒಂದನ್ನು ಇನ್ನೊಂದರಿಂದ ಬೇರೆಮಾಡುತ್ತವೆ.

“ಇದೂ ನಿನ್ನ ಹಾಗೆಯೇ ಕಣಯ್ಯ” ಎಂದು ಅವನು ನಕ್ಕನು. “ಕಂಡರೂ ಕಾಣದಿದ್ದರೂ ಒಂದೇ ಧ್ವನಿ.”

ನನ್ನನ್ನು ನನಗೇ ತೋರಿಸಿದ ಮಾತು ಅದು. ಆ ರಾತ್ರಿ ನಾನು ಐದನ್ನು ಆರೆಂದದ್ದು ಕಣ್ಣಿನ ದೋಷದಿಂದಲ್ಲ. ಎರಡು ವರ್ಷ ಆರು ಮೂಲೆಗಳನ್ನೇ ಕಂಡು ಕಂಡು, ಉಂಗುರವೆಂದರೆ ಆರೇ ಎಂದು ನನ್ನ ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿತ್ತು. ಹೆಚ್ಚಾಗಿ ಕಂಡದ್ದನ್ನೇ ಎಲ್ಲೆಲ್ಲಿಯೂ ಕಾಣುವ ಈ ಚಾಳಿ, ನೋಡಿ ನೋಡಿ ಕಲಿತ ಯಂತ್ರಕ್ಕೂ ಉಂಟು. ಅದರ ಗುರುಗಳಿಗೂ ಇದು ತಿಳಿಯದೆ ಇಲ್ಲ. ಆದುದರಿಂದಲೇ ಕೆಲವು ಕಾರ್ಯಕ್ರಮಗಳು, ತಾವು ಕೊಟ್ಟ ಉತ್ತರದಲ್ಲಿ ತಮಗೆ ಎಷ್ಟು ಭರವಸೆಯಿದೆಯೆಂಬುದಕ್ಕೂ ಒಂದು ಅಂಕವನ್ನು ಕೊಡುತ್ತವೆ. ಆ ಅಂಕವನ್ನು ಕೇಳಿಸಿಕೊಳ್ಳುವುದನ್ನೂ ನಾವು ಆಮೇಲೆ ಕಲಿತೆವು. ಯಂತ್ರಕ್ಕೆ ಅಳುಕುವುದನ್ನು ಕಲಿಸುತ್ತಿರುವಾಗ, ಓದಿ ಹೇಳುವ ಮನುಷ್ಯನಾದ ನಾನು ಅದನ್ನು ಕಲಿಯದೆ ಇದ್ದರೆ ಹೇಗೆ?

ಅಂದಿನ ಸಂಜೆ ನಾವು ಒಂದು ಕಟ್ಟಳೆ ಮಾಡಿಕೊಂಡೆವು. ಯಾವುದನ್ನು ಓದುವಾಗಲೂ ನಾನು ಮೂರು ಮಾತುಗಳಲ್ಲಿ ಒಂದನ್ನು ಸೇರಿಸಿ ಹೇಳಬೇಕು: ‘ಕಂಡೆ’, ‘ಕಾಣಲಿಲ್ಲ’, ‘ಊಹೆ’. ಮೊದಲ ವಾರ ಬಹಳ ಕಷ್ಟವಾಯಿತು. ಒಂದು ಪುಟದಲ್ಲಿ ನಾನು ಎಷ್ಟು ಊಹಿಸುತ್ತೇನೆಂಬುದು ತಿಳಿದು ನಾಚಿಕೆಯಾಯಿತು. ಈಗ ಓದು ನಿಧಾನವಾಗಿದೆ. ಆದರೆ ಅವನು ನನ್ನ ಓದಿನ ಮೇಲೆ ಭಾರ ಹಾಕಿ ನಿಲ್ಲಬಲ್ಲನು.

ಸಂಕ್ರಾಂತಿಯ ರಜೆಗೆ ಅವನನ್ನು ಚಿನಕುರಳಿಗೆ ಕರೆದುಕೊಂಡು ಹೋದೆ. ಅಯ್ಯ ಅವನನ್ನು ಕೊಪ್ಪರಿಗೆಯ ಬಳಿ ಕೂರಿಸಿ, ಪಾಕದ ಸದ್ದು ಬದಲಾಗುವುದನ್ನು ಕೇಳಿಸಿದರು. ಹದ ಬಂದಾಗ ಗುಳ್ಳೆಗಳು ಒಡೆಯುವ ಸದ್ದು ದಪ್ಪವಾಗುತ್ತದೆಂದು ನನಗೆ ಅದುವರೆಗೂ ಗೊತ್ತಿರಲಿಲ್ಲ. ಆ ಆಲೆಮನೆಯಲ್ಲಿಯೇ ಬೆಳೆದವನು ನಾನು! ಸಂಜೆ ಅವ್ವ ಪಡಸಾಲೆಯಲ್ಲಿ ನೆನೆಸಿದ ಕಡಲೆಯ ಬಟ್ಟಲನ್ನೂ ತೆಂಗಿನ ಕಡ್ಡಿಗಳನ್ನೂ ಇಟ್ಟುಕೊಂಡು ಕುಳಿತಳು. ನಾನು ಪುಸ್ತಕದ ಚಿತ್ರ ಹಿಡಿದೆ. ರಂಗೋಲೆಯ ಕೈಗೆ ಇದೇನು ಕಷ್ಟ? ಕಡಲೆಗೆ ಕಡ್ಡಿ ಚುಚ್ಚಿ ಚುಚ್ಚಿ, ಅರ್ಧ ಗಂಟೆಯಲ್ಲಿ ಸಕ್ಕರೆಯ ಅಣುವನ್ನು ಕಟ್ಟಿ ಅವನ ಅಂಗೈಯಲ್ಲಿಟ್ಟಳು.

“ಒಂದ್ಮನೆ ದೊಡ್ದು, ಒಂದ್ಮನೆ ಚಿಕ್ದು ಕಣಪ್ಪ. ಅಣ್ತಮ್ಮದೀರ್ ಮನೆ ಇದ್ದಂಗದೆ” ಎಂದಳು.

ಅವನು ಚಿಕ್ಕ ಮನೆಯ ಸುತ್ತ ಬೆರಳಾಡಿಸಿ, “ಹೌದವ್ವ, ಐದೇ” ಎಂದನು. ರಸಾಯನಶಾಸ್ತ್ರ ಓದದ ನಮ್ಮ ಅವ್ವ ಒಂದು ಸಲ ನೋಡಿ ಹೇಳಿದ್ದನ್ನು, ಓದಿದ ನಾನು ಹೇಳಿರಲಿಲ್ಲ.

ಕಣ್ಣಿಲ್ಲದವರಿಗೆ ವಿಜ್ಞಾನ ಸಲ್ಲದೆಂಬ ಮಾತು ಹೊರಗೆ ಆಗಲೇ ಸುಳ್ಳಾಗಿದೆ. ಅಮೆರಿಕದ ಹೋಬಿ ವೆಡ್ಲರ್ ಎಂಬ ಹುಟ್ಟುಕುರುಡರು ೨೦೧೬ರಲ್ಲಿ ರಸಾಯನಶಾಸ್ತ್ರದಲ್ಲಿಯೇ ಡಾಕ್ಟರೇಟ್ ಪಡೆದರು. ದೆಹಲಿಯ ಕಾರ್ತಿಕ್ ಸಾಹ್ನಿ, ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನ ಓದುವ ಹಕ್ಕಿಗಾಗಿ ಮತ್ತೆ ಮತ್ತೆ ಅರ್ಜಿ ಬರೆದು ಗೆದ್ದು, ೨೦೧೩ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ನನ್ನ ಗೆಳೆಯನಿಗೆ ಆ ಬಾಗಿಲು ಆ ವಯಸ್ಸಿನಲ್ಲಿ ತೆರೆಯಲಿಲ್ಲ. ಈಗ ಅವನು ಬಿ.ಎ. ಮುಗಿಸಿ ಏನು ಮಾಡುತ್ತಾನೆಂಬುದನ್ನು ನಾನು ಬಲ್ಲೆನೆಂದರೆ ಅದು ‘ಊಹೆ’ಯಾಗುತ್ತದೆ. ಅವನಿಗಿಂತ ಚಿಕ್ಕವರು ಪ್ರತಿ ವರ್ಷವೂ ಬರುತ್ತಾರೆ. ಅವರಿಗೆ ಯಂತ್ರವೂ ಬೇಕು, ಓದಿ ಹೇಳುವ ಗೆಳೆಯರೂ ಬೇಕು. ಈ ಎರಡನೆಯ ಕೆಲಸಕ್ಕೆ ನಮ್ಮ ಕಾಲೇಜಿನಲ್ಲಿ ಜನ ಸಾಲದು. ಸಂಜೆ ಒಂದು ಗಂಟೆ ಬಿಡುವುಳ್ಳವರು ಗ್ರಂಥಾಲಯದ ಮೂಲೆಗೆ ಬಂದರೆ ಆ ಮೂರು ಮಾತುಗಳನ್ನು ನಾನು ಕಲಿಸಿಕೊಡುತ್ತೇನೆ.

ಈ ಲೇಖನದ ಟೈಪು ಪ್ರತಿಯನ್ನು ಮೊನ್ನೆ ಅವನಿಗೆ ಕೊಟ್ಟೆ. ಫೋನು ಒಂದೇ ಉಸಿರಿನಲ್ಲಿ ಓದಿ ಮುಗಿಸಿತು. ಎಲ್ಲಿಯೂ “ಚಿತ್ರ” ಎಂದು ಮುಗ್ಗರಿಸಲಿಲ್ಲ. ಅವನನ್ನು ಹೊಗಳಿ ಬರೆದಿದ್ದ ಒಂದು ಪುಟವನ್ನು ಕಿತ್ತುಹಾಕಿಸಿದನು. “ಆವತ್ತು ನೀನು ಹೇಳಿದ ಮಾತನ್ನು ಇದಕ್ಕೆ ಹೆಸರಾಗಿ ಇಡು” ಎಂದನು. ಇಟ್ಟಿದ್ದೇನೆ.